ಲಾಭ, ಎರಡು, ಮೂರು

ವೀಗೋದ ಗಿರಾಕಿಗಳು ಪತ್ರ ಬರೆದಿದ್ದರು, ಕೊನೆಯ ಪತ್ರ:
ಮಾರ್ಚಿಯಿಂದ ನಾವು ಪತ್ರ ಓದುವುದಿಲ್ಲ.
ಆರ್ಡರು, ಇನ್‌ವಾಯ್ಸು, ಸರಕು ಹೊರಟ ಸುದ್ದಿ
ಎಲ್ಲ ನಿಮ್ಮ ಯಂತ್ರ ನಮ್ಮ ಯಂತ್ರಕ್ಕೆ ಹೇಳಲಿ.

ಬೈತಖೋಲಿನ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಆಗ
ಯಂತ್ರವೆಂದರೆ ಅಮೋನಿಯಾ ಕಂಪ್ರೆಸರು,
ಮತ್ತೆ ನನ್ನ ಮೇಜಿನ ಮೇಲೊಂದು ಕಂಪ್ಯೂಟರು,
ಉಪ್ಪುಗಾಳಿಗೆ ಅದರ ಎಂಟರ್ ಗುಂಡಿ
ಎರಡು ಸಲ ಒತ್ತಿದರೆ ಒಮ್ಮೆ ಕೇಳುತ್ತಿತ್ತು.

ಉಳ್ವೇಕರ ಸಾಹುಕಾರರು ಮಡಗಾಂವಿನಿಂದ ಒಬ್ಬನನ್ನು ಕರೆಸಿದರು.
ಆಲೆಶ್ ಅಂತ. ಎರಡು ಲೋಟ ಸೋಲ್‌ಕಡಿ ಕುಡಿದು
ದಾರಿ ನಾಲ್ಕಿವೆ ಅಂದ,
ಐಸಿನ ಬಿಲ್ಲಿನ ಬೆನ್ನ ಮೇಲೆ ಗೀಚುತ್ತ.

ನೇರ ಸಂಪರ್ಕ: ನಿಮ್ಮದೂ ಅವರದೂ ಹಗಲಿರುಳು ಎಚ್ಚರ,
ಕಳಿಸಿದ್ದಕ್ಕೆ ಸಹಿ, ತಲುಪಿದ್ದಕ್ಕೆ ಸಹಿ.
(ಕೈಗಾ ಇಷ್ಟು ಹತ್ತಿರವಿದ್ದೂ
ನಮ್ಮಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತದೆ.)
ಇಲ್ಲ, ನಡುವೆ ಒಂದು ಅಂಚೆಮನೆ: ಪೆಟ್ಟಿಗೆಗೆ ಬಾಡಿಗೆ,
ಅಕ್ಷರದ ತೂಕಕ್ಕೆ ದುಡ್ಡು.
ಅಕ್ಷರಕ್ಕೂ ತೂಕವೇ, ಸಾಹುಕಾರರು ನಕ್ಕರು,
ಐಸಿಗೂ ಮೀನಿನ ದರ ಹಾಕುವವರು.
ಅದೂ ಬೇಡವೇ, ಅವರ ಪರದೆಯ ಮೇಲೆ
ಖಾನೆ ಖಾನೆಗೆ ನೀವೇ ಟೈಪಿಸಿ. ರಾತ್ರಿ ಕೂತರಾಯಿತು, ಪುಕ್ಕಟೆ.
ಪುಕ್ಕಟೆ ಅಂದಾಗ ಯಾರೂ ನನ್ನ ಕಡೆ ನೋಡಲಿಲ್ಲ.
ಕೊನೆಗೆ, ಹಾಳೆ ನಮಗೆ ಕೊಡಿ,
ಅವರ ಭಾಷೆಗೆ ತಿರುಗಿಸಿ ದಾಟಿಸುತ್ತೇವೆ, ತಿಂಗಳಿಗಿಷ್ಟು.

ಕಾಳಿಗೆ ಸೇತುವೆ ಬರುವ ಮೊದಲು
ಕೋಡಿಬಾಗಿನಿಂದ ಸದಾಶಿವಗಡಕ್ಕೆ
ನನ್ನಜ್ಜ ದಾಟಿಸುತ್ತಿದ್ದ, ಜನ, ಕೋಳಿ, ಒಮ್ಮೆ ಒಬ್ಬ ಮದುಮಗ.
ಸಾಹುಕಾರರು ಅದನ್ನೇ ಆರಿಸಿದರು,
ಅಜ್ಜನ ಸುದ್ದಿ ಗೊತ್ತಿಲ್ಲದೆ.

ಮಾಣ್ಕಿಗೆ ಮೂರಕ್ಷರ ಸಿಕ್ಕಿತು. ನಮ್ಮ ಗೇಟಿಗೆ ಹದಿಮೂರು ಅಂಕಿ.
ಹಿಡಿದ ಬೋಟಿನ ಹೆಸರಿಗೆ ಖಾನೆಯಿಲ್ಲ.
ಐಸು ಬೇರೆ, ಮಾಣ್ಕಿ ಬೇರೆ ತೂಗಿ ಬರೆಯಬೇಕು:
ಈ ಪ್ರಾಮಾಣಿಕತೆ ನಮಗೆ ಹೊಸದು, ಸ್ವಲ್ಪ ಕಚ್ಚಿತು.

ಮೊದಲ ಕಂಟೇನರು, ಸಾವಿರದಿನ್ನೂರು ಪೆಟ್ಟಿಗೆ.
ವೀಗೋದ ಯಂತ್ರ ಹೇಳಿತು:
ನಿಮ್ಮ ಸುದ್ದಿಯಲ್ಲಿ ಒಂದು ಕಡಿಮೆ,
ಸರಕಿಗೂ ಮಾತಿಗೂ ಹೊಂದುವುದಿಲ್ಲ,
ದಂಡ ನೂರೈವತ್ತು ಯೂರೋ.

ಪೂರಾ ಎಣಿಸಿದ್ದೆ ಬಾಯೀ, ಅಂದ ದೇವಿದಾಸ ಗುನಗಿ,
ಕೈಗವಸು ಕಳಚದೆ.
ಹಾಳೆ ತೆಗೆದು ನೋಡಿದೆ.
ಮೊದಲ ಸಾಲಿನಲ್ಲಿ, ಒಂದು ಇರಬೇಕಾದಲ್ಲಿ,
ದುಂಡಗೆ, ಲಾಭ.

ಭತ್ತ ಅಳೆಯುವಾಗ ಅವನಮ್ಮ,
ಬಂಗಡೆ ಬುಟ್ಟಿ ಇಳಿಸುವಾಗ ನನ್ನಮ್ಮ
ಒಂದು ಅಂದದ್ದೇ ಇಲ್ಲ.
ಲಾಭ, ಎರಡು, ಮೂರು.
ಅವನು ಎಣಿಸಿದ್ದಾನೆ, ಎಣಿಸಿದಂತೆ ಬರೆದಿದ್ದಾನೆ.
ಅಂಕಿಯ ಖಾನೆಯಲ್ಲಿ ಅಕ್ಷರ ಕಂಡ ಮಡಗಾಂವಿನ ಯಂತ್ರ
ಸಾಲನ್ನೇ ನೀರಿಗೆ ಬಿಟ್ಟಿದೆ.

ಫೋನಿನಲ್ಲಿ ಆಲೆಶ್ ತುಂಬ ಹೊತ್ತು ಸುಮ್ಮನಿದ್ದ.
ಆಮೇಲೆ, ನಮ್ಮ ಮನೆಯಲ್ಲೂ, ಅಂದ.
ಅವತ್ತೇ ಅವನ ಕೋಷ್ಟಕಕ್ಕೆ ಒಂದು ಸಾಲು ಸೇರಿತು:
ಲಾಭ ಎಂದಿದ್ದರೆ ಒಂದು ಎಂದು ಓದು.
ದಂಡ ಕಟ್ಟಿದೆವು.
ಆ ತಿಂಗಳ ಲಾಭ ಅದೊಂದೇ, ಅಂದರು ಸಾಹುಕಾರರು.

ಈಗ ಪ್ರತಿ ಸಲ ಅದು ದಾಟುತ್ತದೆ,
ಆ ದಡದಲ್ಲಿ ಒಂದಾಗಿ ಇಳಿಯುತ್ತದೆ.
ಮರಳಿ ಬರುವುದು ಒಂದೇ ಮಾತು: ಮುಟ್ಟಿತು.
ಒಪ್ಪಿದೆ ಅಂತಲ್ಲ. ಮುಟ್ಟಿತು ಅಂತ.

ಜೂನಿನಲ್ಲಿ ಬಂದಿ ಬಂದು ಬೋಟುಗಳು ದಡ ಹತ್ತಿದವು.
ಕಳಿಸಲು ಏನೂ ಇರಲಿಲ್ಲ.
ಒಂದು ಸಂಜೆ, ತಂತಿ ಜೀವಂತ ಇದೆಯೋ ನೋಡಲು,
ಖಾಲಿ ಹಾಳೆ ದಾಟಿಸಿದೆ,
ಎಂಟರ್ ಗುಂಡಿ ಎರಡು ಸಲ ಒತ್ತಿ.

ಅದಕ್ಕೂ ಬಂತು.
ಮುಟ್ಟಿತು.